ನಡುವಿನ ಗುಂಡುಪಿನ್ನು

ಕನಸು ಹೇಳುವುದರಲ್ಲಿ ವತ್ಸಲಕ್ಕನನ್ನು ಮೀರಿಸುವವರು ಇಡೀ ವಿಜಯನಗರದಲ್ಲಿ ಇರಲಿಲ್ಲ. ಕೆಲಸ ಮಾಡುವುದರಲ್ಲಿ ಅವಳನ್ನು ಮೀರಿಸದವರೂ ಇರಲಿಲ್ಲ.

ಬೆಳಿಗ್ಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ಸೆರಗಿನ ಒಂದು ತುದಿಗೆ ಕೂತು, ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಶುರುವಾಗುತ್ತಿತ್ತು. "ರಾತ್ರಿ ಒಂದು ಕನಸು ಬಿತ್ತು ಕಣೇ ಸುಮಾ..." ಅಷ್ಟು ಅಂದಳೋ ಇಲ್ಲವೋ, ಅವಳ ಸೂಜಿ ಬೆರಳ ತುದಿಯಲ್ಲೇ ನಿಂತುಬಿಡುತ್ತಿತ್ತು. ಎದುರು ತುದಿಯಲ್ಲಿ ಕೂತ ಸುಮಾಳ ಸೂಜಿ ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು. ಕಥೆ ಕೇಳುವ ಕೈಗೆ ಅದೇನು ವೇಗ ಬರುತ್ತದೋ!

ವೆಂಕಟಲಕ್ಷ್ಮಮ್ಮನವರ ಸೀರೆ ಕುಚ್ಚಿನ ಅಂಗಡಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಹೂವಿನವರ ಮೇಲಿನ ಮಹಡಿಯಲ್ಲಿತ್ತು. ಕಿಟಕಿಗೆ ಅಡ್ಡಲಾಗಿ ಕಟ್ಟಿದ ತಂತಿಯ ಮೇಲೆ ರೇಷ್ಮೆ ದಾರದ ಲಡಿಗಳು ಸಾಲಾಗಿ ತೂಗುತ್ತಿದ್ದವು. ಮಧ್ಯಾಹ್ನದ ಬಿಸಿಲು ಅವುಗಳ ಸಂದಿಯಿಂದ ತೂರಿ ಬಂದಾಗ ಗೋಡೆಯೆಲ್ಲ ಹಸಿರು, ನೇರಳೆ, ಅರಿಶಿನ. ಕೆಳಗಿನಿಂದ ಮಲ್ಲಿಗೆ, ಮರುಗದ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಅಂಥ ಕಡೆ ಕೂತು ಕನಸು ಹೇಳಬೇಡ ಎಂದು ಯಾರಿಗೆ ತಾನೇ ಹೇಳುವುದು?

ಆ ಅಂಗಡಿಗೆ ಒಂದು ಪದ್ಧತಿಯಿತ್ತು. ಸೆರಗನ್ನು ಉದ್ದನೆಯ ಹಲಗೆಯ ಮೇಲೆ ಹಾಸಿ, ಸರಿಯಾಗಿ ನಡುವಿಗೆ ಒಂದು ಗುಂಡುಪಿನ್ನು ಚುಚ್ಚುವುದು. ಎರಡು ತುದಿಗಳಿಂದ ಇಬ್ಬರು ಕುಚ್ಚು ಹಾಕುತ್ತ ಹೊರಟು ಪಿನ್ನಿನ ಹತ್ತಿರ ಸೇರುವುದು. ನಡುವಿನ ಕೊನೆಯ ಕುಚ್ಚನ್ನು ಮಾತ್ರ ಇಬ್ಬರೂ ಸೇರಿಯೇ ಹಾಕಬೇಕು, ಒಬ್ಬಳು ಎಳೆ ಹಿಡಿಯಬೇಕು, ಇನ್ನೊಬ್ಬಳು ಗಂಟು ಬಿಗಿಯಬೇಕು. "ಉಡೋಳು ಒಂಟಿ ಅಲ್ಲ, ಹಾಕೋಳೂ ಒಂಟಿ ಆಗಬಾರ್ದು" ಎಂಬುದು ವೆಂಕಟಲಕ್ಷ್ಮಮ್ಮನವರ ಮಾತು. ಆ ಗಂಟು ಬೀಳುವವರೆಗೆ ಯಾರೂ ಮನೆಗೆ ಹೊರಡುವ ಹಾಗಿಲ್ಲ. ಕೇಳುವುದಕ್ಕೆ ಚೆಂದದ ಮಾತು. ಆದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಜೋಡಿಯಲ್ಲಿ ಎತ್ತಿನ ಹೆಗಲು ಏನಾಗುತ್ತದೆ ಎಂದು ಪದ್ಧತಿ ಮಾಡಿದವರು ಯೋಚಿಸಿರುವುದಿಲ್ಲ.

ಸುಮಾ ತನ್ನ ಅರ್ಧ ಮುಗಿಸಿ ಪಿನ್ನಿನ ಹತ್ತಿರ ಬರುವ ಹೊತ್ತಿಗೆ ವತ್ಸಲಕ್ಕ ಇನ್ನೂ ಅಂಚಿನ ಹತ್ತಿರವೇ ಇರುತ್ತಿದ್ದಳು. ಕಾದರೆ ಕತ್ತಲಾಗುತ್ತದೆ. ಹಾಗಾಗಿ ಸುಮಾ ಪಿನ್ನು ದಾಟಿ ಆಚೆಯದನ್ನೂ ಹಾಕುತ್ತಿದ್ದಳು. ಕೂಲಿ ಇಬ್ಬರಿಗೂ ಸಮ, ಹೊಗಳಿಕೆಯೂ ಸಮ. ಒಮ್ಮೆ ತಡೆಯಲಾರದೆ ವೆಂಕಟಲಕ್ಷ್ಮಮ್ಮನವರಿಗೆ ಹೇಳಿಯೂ ನೋಡಿದಳು. ಅವರು ಮುಗಿದ ಸೆರಗನ್ನು ಬೆಳಕಿಗೆ ಹಿಡಿದು, "ನೀವಿಬ್ರೂ ನಂಗೆ ಎರಡು ಕಣ್ಣಿದ್ದ ಹಾಗೆ ಕಣಮ್ಮ" ಎಂದು ಮಡಚಿ ಇಟ್ಟುಬಿಟ್ಟರು. ಎರಡರಲ್ಲಿ ಒಂದು ಕಣ್ಣು ಸದಾ ಮುಚ್ಚಿರುತ್ತದೆ ಎಂದು ಅವರಿಗೆ ಹೇಳುವುದು ಹೇಗೆ?

ಕೆಲಸ ಹೆಚ್ಚಾಯಿತೆಂದು ಸುಮಾ ಅಳುವವಳಲ್ಲ. ಅವಳಿಗೆ ಹೊಟ್ಟೆ ಉರಿಯುತ್ತಿದ್ದುದು ಒಂದು ಗಂಟೆಯ ಹೊತ್ತಿಗಾಗಿ. ಗಂಡ ರವಿಕುಮಾರ್ ಕೆಂಗೇರಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ. ಸಂಜೆ ಆರೂವರೆಗೆ ಹೊಸಹಳ್ಳಿಯ ಮನೆ ಬಿಟ್ಟು ಮೆಟ್ರೋ ಹತ್ತಿದರೆ, ಬೆಳಿಗ್ಗೆ ಇವಳು ಅಂಗಡಿಗೆ ಹೊರಡುವಾಗ ಮೆಟ್ಟಿಲ ಕೆಳಗಿನ ಕತ್ತಲೆ ಬಾಗಿಲಲ್ಲಿ ಎದುರಾಗುತ್ತಾನೆ. ಮಗಳು ತನ್ಮಯಿ ಹಾಸ್ಟೆಲ್ಲಿನಲ್ಲಿದ್ದಳು. ಹಾಗಾಗಿ ಮನೆಯಲ್ಲಿ ಇರುವ ಇಬ್ಬರೂ ಒಬ್ಬರಿಗೊಬ್ಬರು ಸಿಗುತ್ತಿರಲಿಲ್ಲ. ಮುಚ್ಚಿಟ್ಟ ತಟ್ಟೆ, ಮಡಚಿಟ್ಟ ಹೊದಿಕೆ, ತುಂಬಿಸಿಟ್ಟ ಬಿಂದಿಗೆ, ಇವುಗಳ ಮೂಲಕವೇ ಸಂಸಾರ ನಡೆದಿತ್ತು. ಐದು ಗಂಟೆಗೆ ಕೆಲಸ ಮುಗಿದರೆ ಒಂದು ಗಂಟೆ ಗಂಡನ ಜೊತೆ ಕೂರಬಹುದಿತ್ತು. ಆ ಗಂಟೆ ದಿನವೂ ವತ್ಸಲಕ್ಕನ ಕನಸಿನಲ್ಲಿ ಕರಗಿಹೋಗುತ್ತಿತ್ತು.

ಹಾಗಂತ ಆ ಕನಸುಗಳನ್ನು ದ್ವೇಷಿಸೋಣವೆಂದರೆ ಅದೂ ಸಾಧ್ಯವಾಗುತ್ತಿರಲಿಲ್ಲ, ಅಷ್ಟು ಚೆನ್ನಾಗಿರುತ್ತಿದ್ದವು. ಒಂದು ದಿನ ಮಾಗಡಿ ರೋಡಿನಲ್ಲಿ ಬಸ್ಸುಗಳ ಬದಲು ಮಂಚಗಳು ಓಡುತ್ತಿದ್ದವಂತೆ. ಕಂಡಕ್ಟರ್ ಟಿಕೆಟ್ಟಿನ ಬದಲು ದಿಂಬು ಹಂಚುತ್ತಿದ್ದನಂತೆ. ಇಳಿಯುವ ಸ್ಟಾಪು ಬಂದರೂ ಯಾರನ್ನೂ ಎಬ್ಬಿಸುತ್ತಿರಲಿಲ್ಲವಂತೆ. ಇನ್ನೊಂದು ದಿನ, ಸತ್ತುಹೋದ ಅವಳ ಅಮ್ಮ ಜ್ಞಾನಭಾರತಿಯ ಮರಗಳ ಮೇಲೆಲ್ಲ ಸೀರೆ ಒಣಹಾಕುತ್ತಿದ್ದಳಂತೆ. ಗಾಳಿ ಬೀಸಿದಾಗ ಒಂದೊಂದು ಸೀರೆಯೂ "ವತ್ಸೂ, ವತ್ಸೂ" ಎಂದು ಕರೆಯುತ್ತಿತ್ತಂತೆ. ಅದನ್ನು ಕೇಳಿದ ದಿನ ಸುಮಾ ಅಕ್ಕನ ಪಾಲಿನ ಕುಚ್ಚನ್ನೆಲ್ಲ ತಾನೇ ಹಾಕಿ, ಕಣ್ಣು ಒರೆಸಿಕೊಂಡು, ಕತ್ತಲಲ್ಲಿ ಮನೆಗೆ ಹೋದಳು. ಒಲೆಯ ಪಕ್ಕದಲ್ಲಿ ಗಂಡ ಹಾಕಿಟ್ಟಿದ್ದ ಡಿಕಾಕ್ಷನ್ ತಣ್ಣಗಾಗಿತ್ತು.

ಮದುವೆ ಸೀಸನ್ನಿನ ಒಂದು ಬೆಳಿಗ್ಗೆ ಬಾಗಿಲಲ್ಲಿ ಎದುರಾದ ರವಿಕುಮಾರ್ ಶೂ ಬಿಚ್ಚುತ್ತಾ ತಲೆ ಎತ್ತಿ ನೋಡಿದ.

"ನಿನ್ನ ಮುಖ ಬೆಳಕಲ್ಲಿ ನೋಡಿ ಎಷ್ಟು ದಿನ ಆಯ್ತೋ. ಇವತ್ತಾದ್ರೂ ಬೇಗ ಬಾ ಸುಮಾ. ಟೆರೇಸ್ ಮೇಲೆ ಕೂತು ಕಾಫಿ ಕುಡಿಯೋಣ."

"ಬರ್ತೀನಿ ರೀ. ಇವತ್ತು ಖಂಡಿತ ಬರ್ತೀನಿ."

"ನಿನ್ನೆನೂ ಹಂಗೇ ಅಂದಿದ್ದೆ" ಎಂದು ಅವನು ನಕ್ಕ. ಆ ನಗುವಿನಲ್ಲಿ ಆಕ್ಷೇಪಣೆ ಇರಲಿಲ್ಲ. ಬೈದಿದ್ದರೆ ಸುಮಾಳಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಅವತ್ತಿನದು ಮದುಮಗಳ ಸೀರೆ. ಅರಗಿನ ಕೆಂಪು ಮೈ, ಗಿಳಿಹಸಿರು ಸೆರಗು. ಸೆರಗಿನ ನಟ್ಟನಡುವೆ ಜರಿಯ ದೀಪ, ದೀಪದ ಎರಡು ಬದಿಗೂ ಮುಖಾಮುಖಿಯಾಗಿ ಒಂದೊಂದು ನವಿಲು. ಸುಮಾ ತಾನೇ ಕೈಯಾರೆ ಗುಂಡುಪಿನ್ನನ್ನು ದೀಪದ ಕುಡಿಯ ಮೇಲೆ ಚುಚ್ಚಿದಳು. ವತ್ಸಲಕ್ಕ ಬಂದಳು, ಕೂತಳು, ಕನಸು ಶುರುವಾಯಿತು. ಸುಮಾ ಬೆರಳು ಓಡಿಸಿದಳು.

ಊಟವಾದ ಮೇಲೆ ಡಬ್ಬಿ ತೊಳೆದುಕೊಂಡು ಬಂದು ಕೂತಾಗ ಅವಳ ಕಣ್ಣು ಸೆರಗಿನ ಮೇಲೆ ನಿಂತಿತು. ಪಿನ್ನು ದೀಪದ ಮೇಲಿರಲಿಲ್ಲ. ವತ್ಸಲಕ್ಕನ ಕಡೆಯ ನವಿಲಿನ ಬಾಲದಲ್ಲಿ ಮಿನುಗುತ್ತಿತ್ತು.

ಸುಮಾ ಬಗ್ಗಿ ನೋಡಿದಳು. ಇಷ್ಟು ದಿನದ ಪಟ್ಟೆ ಸೆರಗುಗಳಲ್ಲಿ, ಬುಟ್ಟಾ ಸೆರಗುಗಳಲ್ಲಿ ನಡು ಯಾವುದು, ಬದಿ ಯಾವುದು ಎಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ಇವತ್ತು ಎರಡು ನವಿಲುಗಳು ಚಾಡಿ ಹೇಳಿಬಿಟ್ಟಿದ್ದವು. ಅಂದರೆ ಪಿನ್ನಿನ ತನಕ ತನ್ನ ಪಾಲು ಎಂದುಕೊಂಡು ಹಾಕಿದ್ದರಲ್ಲೂ ಅಕ್ಕನ ಪಾಲಿತ್ತು! ಪಿನ್ನು ದಾಟಿ ಹಾಕಿದ್ದು ಅದರ ಮೇಲಿನ ಧರ್ಮ! ಸುಮಾಳಿಗೆ ಕಿವಿಯವರೆಗೆ ಬಿಸಿಯೇರಿತು. ಎದ್ದು ನಿಂತು ಕೂಗಾಡೋಣ ಅನ್ನಿಸಿತು. ಕೂಗಾಡಿದರೆ ಕೆಳಗಿನ ಹೂವಿನವರೂ ಮೇಲೆ ಬರುತ್ತಾರೆ, ಪಂಚಾಯಿತಿ ನಡೆಯುತ್ತದೆ, ವತ್ಸಲಕ್ಕ ಅಳುತ್ತಾಳೆ, ಸಂಜೆ ಆಗಿಯೇ ಹೋಗುತ್ತದೆ. ಹೋಗುವುದು ಮತ್ತೆ ಅದೇ ಒಂದು ಗಂಟೆ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಸುಮಾ ತನ್ನ ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟು, ಗೋಡೆಗೆ ಒರಗಿ ಕೂತಳು.

"ವತ್ಸಲಕ್ಕ, ನಂಗೂ ಒಂದು ಕನಸು ಬಿತ್ತು."

"ನಿಂಗಾ?" ವತ್ಸಲಕ್ಕನಿಗೆ ಆಶ್ಚರ್ಯವಾಯಿತು. "ನೀನು ತಲೆ ಇಟ್ರೆ ಹೆಣದ ಹಾಗೆ ಮಲಗ್ತೀನಿ ಅಂತಿದ್ದೆ. ಹೇಳು, ಹೇಳು."

ಕನಸು ಎಲ್ಲಿಂದ ತರುವುದು? ದಣಿದವರಿಗೆ ಕನಸೂ ಬೀಳುವುದಿಲ್ಲ. ಗೋಡೆಯ ಮೇಲೆ ಆಡುತ್ತಿದ್ದ ಬಣ್ಣಗಳನ್ನು ನೋಡುತ್ತ ಸುಮಾ ಬಾಯಿಗೆ ಬಂದಿದ್ದನ್ನೇ ಹೇಳಿದಳು.

"ಒಂದು ಮನೆ ಅಕ್ಕ. ಮೆಟ್ಟಿಲು ಹತ್ತಿ ಮೇಲೆ ಹೋದ್ರೆ ಟೆರೇಸು. ಬಿಸಿಲು ಇನ್ನೂ ಇದೆ. ಬಿಸಿಲಿರೋವಾಗ್ಲೇ ನಾನು ಮನೇಲಿದೀನಿ, ನಂಗೆ ಅದೇ ಆಶ್ಚರ್ಯ."

"ಹೂಂ, ಆಮೇಲೆ?" ವತ್ಸಲಕ್ಕನ ಸೂಜಿ ಮೆಲ್ಲಗೆ ಅಲ್ಲಾಡಿತು.

"ತಂತಿ ಮೇಲೆ ನೀಲಿ ಶರ್ಟು ಒಣಗ್ತಾ ಇದೆ. ಎಷ್ಟು ಹೊತ್ತಾದ್ರೂ ಒಣಗೋದೇ ಇಲ್ಲ. ಒಣಗಿದ್ರೆ ಅದನ್ನ ಹಾಕ್ಕೊಂಡು ಅವ್ರು ಹೋಗ್ಬೇಕಲ್ಲ? ಅದಕ್ಕೇ ಒಣಗ್ತಿಲ್ಲ."

"ಯಾರು ಹೋಗ್ಬೇಕು?"

"ಒಬ್ರಿದಾರೆ. ಎರಡು ಲೋಟ ಕಾಫಿ ಇಟ್ಕೊಂಡು ಕೂತಿದಾರೆ. ನಾನು ಹೋಗಿ ಪಕ್ಕ ಕೂತೆ. ಮುಖದ ಮೇಲೆ ಬೆಳಕು ಬಿದ್ದಿದೆ. ಕಿವಿ ಹತ್ರ ಬೆಳ್ಳಿ ಕೂದ್ಲು ಬಂದಿದೆ ಅಕ್ಕ. ಯಾವಾಗ ಬಂತೋ ನಂಗೆ ಗೊತ್ತೇ ಇಲ್ಲ. ದಿನಾ ನೋಡ್ತಿದ್ದೆ, ಕತ್ಲಲ್ಲಿ ಕಾಣ್ತಿರ್ಲಿಲ್ಲ."

ಕಟ್ಟುಕಥೆ ಹೇಳಲು ಹೊರಟವಳು ತನ್ನ ಮನೆಯನ್ನೇ ಹೇಳುತ್ತಿದ್ದಳು. ವತ್ಸಲಕ್ಕ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಅವಳ ಬೆರಳುಗಳು ತಾವಾಗಿಯೇ ಎಳೆ ಎಣಿಸಿ, ಸುತ್ತಿ, ಗಂಟು ಹಾಕಿ, ಮುಂದಿನದಕ್ಕೆ ಜಾರುತ್ತಿದ್ದವು. ಎಂಥ ಅಂದದ ಗಂಟು! ಕೈಯಲ್ಲಿ ಇಷ್ಟು ಕಸುಬು ಇಟ್ಟುಕೊಂಡು ಈ ಮೈಗಳ್ಳತನ ಏಕೋ ಎಂದು ಸುಮಾಳಿಗೆ ಮತ್ತೊಮ್ಮೆ ಸಿಟ್ಟು ಬಂತು. ಆದರೂ ಹೇಳುತ್ತ ಹೋದಳು. ಪಕ್ಕದಲ್ಲೇ ಹಾದುಹೋಗುವ ಮೆಟ್ರೋ, ಅದರ ಕಿಟಕಿಗಳಲ್ಲಿ ಸಾಲಾಗಿ ಕೂತ ಮುಖಗಳು, ಎಲ್ಲರೂ ಇವರಿಬ್ಬರನ್ನೇ ನೋಡಿ ಕೈಬೀಸುವುದು, ಎಷ್ಟು ಹೊತ್ತಾದರೂ ಲೋಟದ ಕಾಫಿ ಆರದಿರುವುದು. ಹೇಳುತ್ತ ಹೇಳುತ್ತ ಗೋಡೆಯ ಬಣ್ಣಗಳು ಕೆಳಗಿಳಿದು ನೆಲಕ್ಕೆ ಬಂದವು. ವತ್ಸಲಕ್ಕನ ಸೂಜಿ ನವಿಲಿನ ಬಾಲಕ್ಕೆ ಬಂದು, ಪಿನ್ನಿಗೆ ತಾಗಿ, ಟಕ್ಕೆಂದು ನಿಂತಿತು.

"ಮುಂದೆ?" ಎಂದಳು ವತ್ಸಲಕ್ಕ.

"ಅಷ್ಟೇ ಅಕ್ಕ."

"ಇದ್ಯಾವ ಸೀಮೆ ಕನಸೇ? ಮನೆಗೆ ಹೋದ್ರೆ ಸಿಗೋದೇ ಅಲ್ವಾ ಇದೆಲ್ಲ?"

"ಬೆಳಕಿರೋವಾಗ ಹೋದ್ರೆ ಸಿಗುತ್ತೆ."

ಸುಮಾ ಅದನ್ನು ಜೋರಾಗಿ ಹೇಳಲಿಲ್ಲ. ವತ್ಸಲಕ್ಕ ಪಿನ್ನಿನ ಕಡೆ ನೋಡಿದಳು, ದೀಪದ ಕಡೆ ನೋಡಿದಳು, ಸುಮಾಳ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿದಳು. ಕೆಳಗೆ ಯಾರೋ ಮಲ್ಲಿಗೆಗೆ ನೀರು ಚಿಮುಕಿಸುವ ಸದ್ದು ಕೇಳುತ್ತಿತ್ತು.

"ನಿಂಗೆ ಮನೆಗೆ ಹೋಗೋ ಆತುರ" ಎಂದಳು ಕೊನೆಗೆ. "ನಂಗೆ ಹೋಗ್ಬೇಕಲ್ಲಾ ಅಂತ ಸಂಕಟ. ಅಣ್ಣನ ಮನೇಲಿ ಯಾರೂ ಕೆಟ್ಟವ್ರಲ್ಲ ಕಣೇ. ಊಟ ಹಾಕ್ತಾರೆ, ಮಾತಾಡಲ್ಲ. ಮಕ್ಳು ಕಿವಿಗೆ ಅದೇನೋ ಸಿಕ್ಕಿಸ್ಕೊಂಡಿರ್ತಾವೆ. ಕನಸು ಯಾರಿಗೆ ಹೇಳ್ಲಿ? ಇಲ್ಲಿ ಬೇಗ ಮುಗಿದ್ರೆ ಅನ್ನಪೂರ್ಣೇಶ್ವರಿ ನಗರಕ್ಕೆ ಬೇಗ ಹೋಗ್ಬೇಕಾಗುತ್ತೆ. ಅದಕ್ಕೇ ಎಳೀತಿದ್ದೆ."

ಇಷ್ಟು ದಿನ ಒಂದೇ ಹಲಗೆಯ ಎರಡು ತುದಿಗೆ ಕೂತವರಲ್ಲಿ ಒಬ್ಬಳು ಮನೆಗೆ ಓಡಲು ಎಳೆಯುತ್ತಿದ್ದಳು, ಇನ್ನೊಬ್ಬಳು ಮನೆಗೆ ಹೋಗದಿರಲು ಎಳೆಯುತ್ತಿದ್ದಳು. ಸುಮಾಳ ಸಿಟ್ಟು ಪೂರ್ತಿ ಹೋಗಲಿಲ್ಲ. ಹೋಯಿತೆಂದರೆ ಸುಳ್ಳಾದೀತು. ಆದರೆ ಅದಕ್ಕೆ ಮೊದಲಿನ ಮೊನೆ ಉಳಿಯಲಿಲ್ಲ.

ವತ್ಸಲಕ್ಕ ಗುಂಡುಪಿನ್ನನ್ನು ನವಿಲಿನ ಬಾಲದಿಂದ ಕಿತ್ತು, ತಂದು ದೀಪದ ಕುಡಿಯ ಮೇಲೆ ಚುಚ್ಚಿದಳು. ಆಮೇಲೆ ದೀಪದವರೆಗೆ ಹಾಕುತ್ತ ಬಂದಳು. ಸುಮಾ ಈ ಕಡೆಯಿಂದ ಬಂದಳು. ನಡುವಿನ ಕುಚ್ಚಿಗೆ ವತ್ಸಲಕ್ಕ ಎಳೆ ಹಿಡಿದಳು, ಸುಮಾ ಗಂಟು ಬಿಗಿದಳು.

"ಓಡು. ಕಾಫಿ ಆರೋಗುತ್ತೆ" ಎಂದಳು ವತ್ಸಲಕ್ಕ.

ಸುಮಾ ಮನೆಯ ಮೆಟ್ಟಿಲು ಹತ್ತಿದಾಗ ನಿಜವಾಗಿಯೂ ಬಿಸಿಲಿತ್ತು. ರವಿಕುಮಾರ್ ತಂತಿಯಿಂದ ಶರ್ಟು ತೆಗೆಯುತ್ತಿದ್ದವನು ಅವಳನ್ನು ಕಂಡು ಹಾಗೇ ನಿಂತ. "ಕೆಲಸ ಏನಾದ್ರೂ ಬಿಟ್ಯಾ?" ಎಂದು ಗಾಬರಿಯಿಂದ ಕೇಳಿದ. ಅವಳಿಗೆ ನಗು ಬಂತು. ಇಬ್ಬರೂ ನೀರಿನ ಟ್ಯಾಂಕಿನ ಕಟ್ಟೆಗೆ ಒರಗಿ ಕೂತು ಕಾಫಿ ಕುಡಿದರು. ಅವನ ಕಿವಿಯ ಹತ್ತಿರ ನೋಡಿದಳು. ಅವಳು ಕಟ್ಟಿ ಹೇಳಿದ್ದು ಸುಳ್ಳಾಗಿರಲಿಲ್ಲ, ಬೆಳ್ಳಿ ಕೂದಲು ಬಂದಿತ್ತು. ಅದನ್ನು ಬೆರಳಿನಿಂದ ಮುಟ್ಟಿ ಏನೋ ಹೇಳಬೇಕೆಂದುಕೊಂಡಳು. ಹೇಳುವುದು ಎಷ್ಟೊಂದಿತ್ತು! ಆದರೆ ಬೆನ್ನಿಗೆ ಬೆಚ್ಚನೆಯ ಗೋಡೆ ತಾಗಿತು, ಮೆಟ್ರೋ ಸದ್ದು ದೂರದಿಂದ ಬಂದು ದೂರಕ್ಕೆ ಹೋಯಿತು, ತಲೆ ಅವನ ಹೆಗಲಿಗೆ ವಾಲಿತು.

ಎಚ್ಚರವಾದಾಗ ಬಿಸಿಲು ಹೋಗಿತ್ತು. ಅವನು ಕೂತಲ್ಲಿಂದ ಕದಲಿರಲಿಲ್ಲ.

"ಅಯ್ಯೋ, ಎಬ್ಬಿಸೋದಲ್ವಾ ರೀ? ಇದ್ದಿದ್ದೇ ಒಂದು ಗಂಟೆ, ಮಲಗಿ ಕಳೆದ್ನಲ್ಲ!"

"ನಿದ್ದೇಲಿ ನಗ್ತಿದ್ದೆ. ಏನೋ ಕನಸು ಕಾಣ್ತಿದ್ದೆ ನೀನು" ಎಂದ ರವಿಕುಮಾರ್, ಜೋಮು ಹಿಡಿದ ತೋಳನ್ನು ಒದರಿಕೊಳ್ಳುತ್ತ. "ಬೆಳಕಲ್ಲಿ ಮುಖ ನೋಡ್ಬೇಕು ಅಂದಿದ್ನಲ್ಲ, ಕೂತು ನೋಡಿದೆ."

ಮರುದಿನ ಬೆಳಿಗ್ಗೆ ಸುಮಾ ಅಂಗಡಿಗೆ ಬರುವಷ್ಟರಲ್ಲಿ ವತ್ಸಲಕ್ಕ ಬಂದು ಕೂತಾಗಿತ್ತು. ಹಲಗೆಯ ಮೇಲೆ ಹೊಸ ಸೀರೆ ಹಾಸಿತ್ತು. ಪಿನ್ನು ಚುಚ್ಚಿತ್ತು. ಸುಮಾ ನಾಚಿಕೆ ಪಡದೆ ಸೆರಗಿನ ಎರಡು ಅಂಚನ್ನು ಸೇರಿಸಿ ಮಡಚಿ ನೋಡಿದಳು. ಪಿನ್ನು ಮಡಿಕೆಯ ಮೇಲೆಯೇ ಇತ್ತು. ವತ್ಸಲಕ್ಕ ಅದನ್ನು ಓರೆಗಣ್ಣಿನಿಂದ ನೋಡಿದಳು.

"ನಿನ್ನ ಮುಖ ನೋಡಿದ್ರೇ ಗೊತ್ತಾಗ್ತಿದೆ, ನಿಜವಾದ ಕನಸೇ ಬಿದ್ದಿದೆ" ಎಂದಳು. "ಹೇಳೇ ಸುಮಾ."

"ಇಲ್ಲಿ ಹೇಳಲ್ಲ" ಎಂದಳು ಸುಮಾ, ಸೂಜಿಗೆ ದಾರ ಪೋಣಿಸುತ್ತ. "ಮೊದ್ಲು ನಡುವಿಗೆ ಬನ್ನಿ ಅಕ್ಕ. ನಮ್ಮನೇವ್ರು ಆರೂವರೆಗೆ ಡ್ಯೂಟಿಗೆ ಹೋಗ್ತಾರೆ. ಆಮೇಲೆ ಟೆರೇಸಲ್ಲಿ ನಾನೊಬ್ಳೇ ಇರ್ತೀನಿ. ಬನ್ನಿ, ನಂದೂ ಹೇಳ್ತೀನಿ, ನಿಮ್ದೂ ಕೇಳ್ತೀನಿ."

ವತ್ಸಲಕ್ಕ ಬಾಯಿ ಮುಚ್ಚಿ, ತಲೆ ಬಗ್ಗಿಸಿ, ಮೊದಲ ಕುಚ್ಚಿನ ಎಳೆ ಎಣಿಸತೊಡಗಿದಳು.