ಹೆಲ್ವಿ ಬಿಟ್ಟುಹೋದ ಮೀನು

ಮಾರ್ಚ್ ತಿಂಗಳ ಕೊನೆ, ಬೆಳಗಿನ ಒಂಬತ್ತು ಗಂಟೆ. ಸರೋವರದ ಮೇಲೆ ಮಂಜುಗಡ್ಡೆ ಇನ್ನೂ ಮೊಳದಷ್ಟು ದಪ್ಪವಿದ್ದರೂ ಸೂರಿನಿಂದ ನೀರು ತೊಟ್ಟಿಕ್ಕತೊಡಗಿತ್ತು. ಆ ಹೊತ್ತಿಗೆ ಮಾರ್ಕೆಟ್ಟಾ ಕಂಪ್ಯೂಟರನ್ನು ಬಗಲಲ್ಲಿಟ್ಟುಕೊಂಡು ಬಂದಳು. ನನ್ನ ಹೆಂಡತಿ ಹೆಲ್ವಿಯ ಅಣ್ಣನ ಮಗಳು. ಮೂವತ್ತು ವರ್ಷ ಟೆಲಿಫೋನ್ ತಂತಿ ಜೋಡಿಸಿದವಳು.

ಕಾಫಿ ಡಬ್ಬಿಯಲ್ಲಿದ್ದ ಫ್ಲಾಪಿಯನ್ನು ಅವಳ ಕೈಗಿಟ್ಟೆ. ಮಂಜುಗಡ್ಡೆಗೆ ತೂತು ಕೊರೆದು ಗಾಳ ಬಿಡುವ ಆಟ ಅದರಲ್ಲಿತ್ತು. ಕಾಲು ಸೋತು ಸರೋವರಕ್ಕೆ ಹೋಗಲಾಗದ ಕೊನೆಯ ಚಳಿಗಾಲವನ್ನು ಹೆಲ್ವಿ ಆ ಆಟದಲ್ಲೇ ಕಳೆದಳು. ಆಸ್ಪತ್ರೆಗೆ ಹೊರಟ ಬೆಳಿಗ್ಗೆ, "ಮೀನು ಕಚ್ಚಿದೆ. ಹಾಗೇ ನಿಲ್ಲಿಸಿಟ್ಟಿದೀನಿ, ಬಂದು ಎಳೀತೀನಿ" ಎಂದಿದ್ದಳು. ಬರಲಿಲ್ಲ. ಆಮೇಲೆ ಹಳೆಯ ಕಂಪ್ಯೂಟರೂ ಕೆಟ್ಟಿತು. ಇಪ್ಪತ್ತಾರು ವರ್ಷದಿಂದ ನನಗೊಂದೇ ಯೋಚನೆ: ಅದು ಯಾವ ಮೀನು?

ಫ್ಲಾಪಿ ಓದುವ ಪುಟ್ಟ ಪೆಟ್ಟಿಗೆಯನ್ನೂ ಅವಳು ತಂದಿದ್ದಳು. ಹೊಸ ಕಂಪ್ಯೂಟರಿನಲ್ಲಿ ಆಟ ಓಡಿತು, ಓಡಿದ್ದೇ ತೊಂದರೆ. ಗಾಳ ಇಳಿಯಿತೆನ್ನುವಷ್ಟರಲ್ಲಿ ಮೇಲೆ ಬಂದಿರುತ್ತಿತ್ತು. ಕಚ್ಚಿದ ಮೀನು ಕಾಣುವ ಮೊದಲೇ ಪರಾರಿ.

"ಈಗಿನ ಮಿಷನ್ನಿಗೆ ಅವಸರ ಜಾಸ್ತಿ ಮಾವ. ಹಳೇದರ ಹಾಗೆ ನಟಿಸು ಅಂತ ಹೇಳೋ ಪ್ರೋಗ್ರಾಮ್ ತಂದಿದೀನಿ. ಆದ್ರೆ ಎಷ್ಟು ನಿಧಾನ ಅಂತ ನೀನೇ ಹೇಳ್ಬೇಕು."

"ನಾನೇನು ಹೇಳ್ಲಿ? ನಾಲ್ಕನೇ ಕ್ಲಾಸಿಗೆ ಬಿಟ್ಟೋನು."

"ಆಟ ಆಡ್ವಾಗ ಅತ್ತೆ ಕೈ ಓಡ್ತಿದ್ದದ್ದು ನೆನಪಿದ್ಯಲ್ಲ?"

ನೆನಪಿತ್ತು. ಎತ್ತು, ಎರಡೆಣಿಸು, ಇಳಿಸು. ಗಾಳ ಹಿಡಿದವನಂತೆ ಖಾಲಿ ಕೈ ಆಡಿಸುತ್ತ ಕುಳಿತೆ. ಅವಳು ನನ್ನ ಮಣಿಕಟ್ಟು ನೋಡುತ್ತ ವೇಗ ಇಳಿಸುತ್ತ ಬಂದಳು.

"ಸಾಕಾ?"

"ಇನ್ನೂ."

"ಈಗ?"

"ಈಗ ತೂಕಡಿಸ್ತಿದಾಳೆ. ಚೂರು ಏರಿಸು."

ಮೂರು ಏಲಕ್ಕಿ ಬನ್ನು ಮುಗಿಯುವ ಹೊತ್ತಿಗೆ ಪರದೆಯ ಗಾಳವೂ ನನ್ನ ಕೈಯೂ ಒಂದಾದವು.

ಆಮೇಲೆ ಅವಳ ಮುಖ ಸಣ್ಣದಾಯಿತು. "ಹೆಲ್ವಿ ಅನ್ನೋ ಹೆಸರಲ್ಲಿ ಉಳಿಸಿಟ್ಟ ಆಟ ಇಲ್ವೇ ಇಲ್ಲ ಮಾವ. ಇರೋದು ಒಂದೇ, ಯಾರೋ ಝಿತಿ ಅಂತ. ಯಾರದು, ಹೊರದೇಶದೋನಾ? ಅಳಿಸಿಬಿಡ್ಲಾ?"

"ತಡಿ."

ನನ್ನ ಓದು ನಿಧಾನ. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟೆ. ಮೊದಲನೆಯದು ಮಾತ್ರ ಗುರುತಿನದಲ್ಲ. ಆ ಕಾಲದಲ್ಲಿ ಕಂಪ್ಯೂಟರಿನಲ್ಲಿ ಅಚ್ಚಾಗಿ ಬರುತ್ತಿದ್ದ ಕಾಗದಗಳು ನೆನಪಾದವು. ತಲೆಯ ಮೇಲೆ ಎರಡು ಚುಕ್ಕಿಯಿರುವ ನಮ್ಮ ಫಿನ್ನಿಶ್ ಅಕ್ಷರಗಳನ್ನು ಅವು ಕೆಡಿಸದೆ ಬಿಟ್ಟದ್ದೇ ಅಪರೂಪ. ವೈನೋ ಎಂಬ ನನ್ನ ಹೆಸರಿನ ಮೇಲೆ ನೊಣ ಕೂತು ಹೋದಂತಿರುತ್ತಿತ್ತು.

"ಝಿತಿ ಅಲ್ಲ ಮಗಳೇ. ಮೊದಲ್ನೇದು ಎರಡು ಚುಕ್ಕಿ ಅಕ್ಷರ, ಕೆಟ್ಟಿದೆ. ಐತಿ."

ಐತಿ ಎಂದರೆ ಅಮ್ಮ. ಮಕ್ಕಳಾದ ಮೇಲೆ ನಾನೂ ಅವಳನ್ನು ಹಾಗೇ ಕರೆದೆ. ಕೊನೆಕೊನೆಗೆ ಅವಳಿಗೂ ಅದೇ ಹೆಸರಾಗಿತ್ತು.

ಮಾರ್ಕೆಟ್ಟಾ ಅದನ್ನು ತೆರೆದಳು. ನೂಲು ಬಿಗಿದು ನಿಂತಿತ್ತು, ಹೆಲ್ವಿ ಬಿಟ್ಟುಹೋದ ಹಾಗೇ. ಎತ್ತಿದೆ, ಎರಡೆಣಿಸಿದೆ, ಎಳೆದೆ. ಬಂದದ್ದು ಪಟ್ಟೆಪಟ್ಟೆಯ ಪರ್ಚ್ ಮೀನು, ಐವತ್ತೆರಡು ಗ್ರಾಂ.

"ಇದಕ್ಕಾ ಮಾವ ಇಪ್ಪತ್ತಾರು ವರ್ಷ ಕಾದದ್ದು? ಬೆಕ್ಕೂ ಮೂಸಲ್ಲ."

"ಐತಿ ಹಿಡಿದ ಮೀನು. ಬಾಯಿಗೆ ಬಂದಂಗೆ ಅನ್ಬೇಡ."

ಇಬ್ಬರೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕೆವು. ದೊಡ್ಡ ಉಪಕಾರವಾಯಿತು ಎಂದು ಎರಡು ಸಲ ಹೇಳಿದೆ. ನಮ್ಮ ಕಡೆ ಒಂದು ಸಲ ಹೇಳಿದರೇ ಹೆಚ್ಚು.

ಆ ವಾರವೇ ಗುರುವಾರ, ಕಾಯಾನಿ ಪಟ್ಟಣಕ್ಕೆ ಹೋಗುವ ಹತ್ತೂವರೆಯ ಬಸ್ಸಿಗೆ ಮಾರ್ಕೆಟ್ಟಾ ಹೊರಟಳು. ಕಂಪ್ಯೂಟರನ್ನು ನನ್ನ ಮೇಜಿನ ಮೇಲೇ ಬಿಟ್ಟಿದ್ದಳು.