ದೊರೆ ಮತ್ತು ಬ್ರೇಕ್ ಮೇಷ್ಟ್ರು

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಅವರ ಹಳೇ ಕಾರಿನಲ್ಲಿ ಕಲಿಯುವವರಿಗೊಂದು ಬ್ರೇಕಾದರೆ, ಪಕ್ಕದ ಸೀಟಿನ ಮುಂದೆ, ಕಾಲ ಬಳಿ, ಮೇಷ್ಟ್ರದ್ದೇ ಇನ್ನೊಂದು ಬ್ರೇಕಿತ್ತು. ಈ ಊರಿನ ಅರ್ಧ ಜನ ಇವತ್ತು ಕೈಕಾಲು ನೆಟ್ಟಗಿಟ್ಟುಕೊಂಡು ಓಡಾಡುತ್ತಿರುವುದು ಆ ಎರಡನೇ ಬ್ರೇಕಿನಿಂದ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಸುಳ್ಳೇನಲ್ಲ ಬಿಡಿ. ಕಲಿತವರೆಲ್ಲ ಅವರನ್ನು ಬ್ರೇಕ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು, ಎದುರಿಗೂ.

ಕಣ್ಣಿಗೆ ಪೊರೆ ಬಂದ ಮೇಲೆ ಕಾರು ಮಾರಿದರು. ಮೇಷ್ಟ್ರು ಮನೆಯಲ್ಲಿ ಕೂತರು. ಆದರೆ ಅವರ ಬಲಗಾಲಿಗೆ ನಿವೃತ್ತಿಯ ಸುದ್ದಿಯನ್ನು ಯಾರೂ ತಿಳಿಸಲಿಲ್ಲ. ಬಸ್ಸಿನಲ್ಲಿ ಕೂತರೆ ಅದು ನೆಲವನ್ನು ಧಪ್ಪೆಂದು ಒತ್ತುತ್ತಿತ್ತು. ಟಿವಿಯಲ್ಲಿ ಯಾರಾದರೂ ಓಡಿದರೆ ಒತ್ತುತ್ತಿತ್ತು. ಹೆಂಡತಿ ಫೋನಿನಲ್ಲಿ ಸ್ವಲ್ಪ ಜೋರಾಗಿ ನಕ್ಕರೂ ಒತ್ತುತ್ತಿತ್ತು. ಮೇಷ್ಟ್ರಿಗೆ ಮಾತ್ರ ಇದರ ಪರಿವೆಯೇ ಇರಲಿಲ್ಲ.

ಹೆಂಡತಿಯದು ಹೊಲಿಗೆ ಕೆಲಸ. ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಮಹಡಿ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಗೆ ಒತ್ತಿಕೊಂಡು ಅವಳ ಮಿಷನ್ನು. ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಕೆಟ್ಟ ಜಿಪ್ಪು ಕಿತ್ತು ಹೊಸದು ಹಾಕುವುದು, ದಪ್ಪಗಾದವರ ಕೋಟು ಬಿಚ್ಚಿ ಸಡಿಲ ಮಾಡಿಕೊಡುವುದು. ವರ್ಷಗಟ್ಟಲೆ ಆ ಕೋಣೆಯಲ್ಲಿ ಅವಳೂ ಅವಳ ರೇಡಿಯೋವೂ ಸುಖವಾಗಿದ್ದರು. ಮೇಷ್ಟ್ರು ಮನೆಗೆ ಬಂದವರೇ ಒಂದು ಕುರ್ಚಿ ಎಳೆದುಕೊಂಡು ಮಿಷನ್ನಿನ ಎಡಗಡೆ ಕೂತುಬಿಟ್ಟರು.

"ನಿಧಾನ, ನಿಧಾನ. ತಿರುವಿದೆ ಮುಂದೆ," ಎನ್ನುವರು, ಅವಳು ಕಾಲರಿನ ಅಂಚು ಹೊಲಿಯುತ್ತಿದ್ದರೆ.

"ರೀ, ಇದು ಕಾಲರ್ರು. ಹೆದ್ದಾರಿ ಅಲ್ಲ."

"ಯಾವುದಾದ್ರೇನು ಕಣೇ, ತಿರುವು ತಿರುವೇ."

ಧಪ್ಪೆಂದು ಕಾಲು ಒತ್ತುವುದು. ಟೈಲರಮ್ಮ ಹಲ್ಲು ಕಚ್ಚಿಕೊಂಡು ದಾರ ಕತ್ತರಿಸುವುದು. ಎಷ್ಟು ದಿನ ಅಂತ ಕಚ್ಚಿಕೊಂಡಾಳು? ಒಂದು ಬೆಳಗ್ಗೆ ಜಿಪ್ಪು ತರುತ್ತೇನೆಂದು ಹೋದವಳು ನಾಯಿ ತಂದಳು. ಅನಾಥ ಪ್ರಾಣಿಗಳ ಕೇಂದ್ರದಲ್ಲಿ ಯಾರಿಗೂ ಬೇಡವಾಗಿ ಉಳಿದಿದ್ದ ಕಂದು ನಾಯಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿತ್ತು. ಬಂದ ದಿನವೇ ಸೋಫಾ ಹತ್ತಿ ಮೇಷ್ಟ್ರ ಜಾಗದಲ್ಲಿ ಕೂತಿತು. ಅದಕ್ಕೆ ದೊರೆ ಎಂದು ಹೆಸರಿಟ್ಟಳು.

ದೊರೆಯನ್ನು ದಿನಾ ಸಂಜೆ ಒಂದು ಗಂಟೆ ತಿರುಗಾಡಿಸಬೇಕಂತೆ. ಮೇಷ್ಟ್ರು ಖುಷಿಯಿಂದ ಶೂ ಹಾಕಿಕೊಂಡರು.

"ನೀವು ಬೇಡ. ಶುರುವಿಗೆ ಒಬ್ಬರದ್ದೇ ಅಭ್ಯಾಸ ಆಗ್ಬೇಕಂತೆ, ನಾಯಿ ಡಾಕ್ಟ್ರು ಹೇಳಿದಾರೆ," ಎಂದಳು ಟೈಲರಮ್ಮ. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ಮೇಷ್ಟ್ರು ಶೂ ಬಿಚ್ಚಿಟ್ಟರು. ಬಲ್ಲವರ ಮಾತಿಗೆ ಎದುರಾಡುವ ಅಭ್ಯಾಸ ಅವರಿಗಿರಲಿಲ್ಲ.

ದೊರೆಗೆ ಇದ್ದದ್ದು ಒಂದೇ ಕೆಟ್ಟ ಚಾಳಿ, ಎಳೆಯುವುದು. ಗೇಟು ದಾಟಿದರೆ ಸಾಕು, ಎಲ್ಲೋ ಯಾರೋ ಪಟ್ಟಾಭಿಷೇಕಕ್ಕೆ ಕಾಯುತ್ತಿದ್ದಾರೇನೋ ಎಂಬಂತೆ ಮುನ್ನುಗ್ಗುತ್ತಿತ್ತು. ಕೊರಳ ಪಟ್ಟಿ ಬಿಗಿದು ಗೊರಗೊರ ಸದ್ದು ಬಂದರೂ ಬಿಡುತ್ತಿರಲಿಲ್ಲ. ಟೈಲರಮ್ಮ ಹಗ್ಗದ ಇನ್ನೊಂದು ತುದಿಯಲ್ಲಿ ಹಿಂದಕ್ಕೆ ವಾಲಿಕೊಂಡು, ನಗುತ್ತ, ತೇಲಿಕೊಂಡು ಹೋಗುತ್ತಿದ್ದಳು. ಕೆಳಗಿನ ಮನೆಯಲ್ಲಿದ್ದ ಮೇಷ್ಟ್ರ ಅಕ್ಕ ಅದನ್ನು ನೋಡಿ, "ಇದೊಂದು ದಿನ ಇವಳನ್ನ ಕೆಡವುತ್ತೆ ನೋಡ್ತಿರು," ಎಂದಿದ್ದಳು.

ಅದರಂತೆಯೇ ಆಯಿತು. ಬೇಕರಿಯ ವ್ಯಾನಿನ ಕೆಳಗಿಂದ ಬೆಕ್ಕೊಂದು ಹೊರಟಿತು, ಅದರ ಹಿಂದೆ ದೊರೆ, ದೊರೆಯ ಹಿಂದೆ ಟೈಲರಮ್ಮ. ಬೆಕ್ಕಿಗೆ ಏನೂ ಆಗಲಿಲ್ಲ. ಟೈಲರಮ್ಮನ ಬಲಗೈ ಮಣಿಕಟ್ಟು ಮುರಿಯಿತು.

ಅಕ್ಕ ದೊಡ್ಡಾಸ್ಪತ್ರೆಯಲ್ಲಿ ನರ್ಸುಗಳ ಮೇಲಧಿಕಾರಿಯಾಗಿ ನಿವೃತ್ತಳಾದವಳು. ತಮ್ಮನಿಗೆ ನಡೆಯಲು ಕಲಿಸಿದ್ದೇ ತಾನು ಎಂದು ಈಗಲೂ ನಾಲ್ಕು ಜನರ ಮುಂದೆ ಹೇಳುವವಳು. ಟೈಲರಮ್ಮ ಕೈಗೆ ಕಟ್ಟು ಹಾಕಿಸಿಕೊಂಡು ಬಂದ ದಿನವೇ ಅಕ್ಕ ಮಹಡಿ ಹತ್ತಿ ಬಂದು ತೀರ್ಪು ಕೊಟ್ಟಳು.

"ಲೋ, ಈ ನಾಯಿ ಈ ಮನೇಲಿ ಬೇಡ. ಮರದ ಡಿಪೋದವನು ಕೇಳ್ತಿದಾನೆ, ಗೇಟಿಗೆ ಕಟ್ಟಿ ಹಾಕೋಕೆ ಒಂದು ಬೇಕಂತೆ. ಅಲ್ಲಿ ಎಷ್ಟಾದ್ರೂ ಎಳ್ಕೊಳ್ಲಿ, ಸರಪಳಿ ಗಟ್ಟಿಯಾಗಿದೆ."

ಅಕ್ಕ ಕೆಳಗಿಳಿದು ಹೋದಳು. ಆಮೇಲೆ ಅಡುಗೆಮನೆಯಲ್ಲಿ, ಮೇಷ್ಟ್ರು ಆಲೂಗಡ್ಡೆ ಸಿಪ್ಪೆಯ ಜತೆ ಅರ್ಧ ಆಲೂಗಡ್ಡೆಯನ್ನೂ ಹೆರೆದು ಹಾಕುತ್ತಿದ್ದಾಗ, ಟೈಲರಮ್ಮನ ಕಣ್ಣಲ್ಲಿ ನೀರು ಬಂತು.

"ಅದನ್ನ ಕಳಿಸ್ಬೇಡಿ ಕಣ್ರೀ. ನಿಮ್ಮಿಂದ ತಪ್ಪಿಸ್ಕೊಂಡು ನಾನು ಉಸಿರಾಡೋಕೆ ಇರೋದು ಅದೊಂದೇ ಗಂಟೆ."

ಮೇಷ್ಟ್ರು ಚಾಕು ಕೆಳಗಿಟ್ಟರು. ಪಾಪ, ನೋವಿನ ಮಾತ್ರೆಯ ಮಂಪರು, ಏನೇನೋ ಮಾತಾಡುತ್ತಿದ್ದಾಳೆ ಎಂದುಕೊಂಡರು. ಆದರೂ ಅವಳು ಅತ್ತದ್ದನ್ನು ಅವರಿಂದ ನೋಡಲಾಗಲಿಲ್ಲ. ನೇರ ಕೆಳಗಿಳಿದು ಅಕ್ಕನ ಬಾಗಿಲು ತಟ್ಟಿದರು.

"ಅಕ್ಕಾ, ನಾನು ಕಲಿಸ್ತೀನಿ ಅದಕ್ಕೆ. ಎಂಥೆಂಥಾ ಮೊದ್ದುಗಳಿಗೆ ಕಲಿಸಿಲ್ಲ ನಾನು?"

ಅಕ್ಕ ಯೋಚಿಸಿದಳು. "ಸರಿ. ಕಟ್ಟು ಬಿಚ್ಚಿದ ಮೇಲೆ ಅವಳೇ ಹಿಡ್ಕೊಂಡು ನನ್ನ ಕಣ್ಣೆದುರಿಗೆ ಬೇಕರಿವರೆಗೆ ಹೋಗಿ ಬರ್ಲಿ. ಎಳೀಲಿಲ್ಲ, ಇರ್ಲಿ. ಎಳೀತು, ಡಿಪೋಗೆ. ಆಮೇಲೆ ನನ್ನತ್ರ ಗೋಗರೀಬಾರ್ದು."

ಮಾರನೆಯ ದಿನದಿಂದಲೇ ಪಾಠ ಶುರುವಾಯಿತು. ಮೇಷ್ಟ್ರ ಕ್ರಮ ಸರಳ. ಹಗ್ಗ ಬಿಗಿಯಾದರೆ ನಿಲ್ಲುವುದು. ಸಡಿಲವಾದರೆ ಹೊರಡುವುದು. ದೊರೆ ತಾನಾಗಿ ಹಿಂದಿರುಗಿ ಬಂದು ಮಂಡಿ ಪಕ್ಕ ನಿಂತರೆ ಜೇಬಿನಿಂದ ಒಂದು ಚೂರು ಬಿಸ್ಕತ್ತು. ಬೈಯುವಂತಿಲ್ಲ, ಜಗ್ಗುವಂತಿಲ್ಲ.

ಮೊದಲ ಸಂಜೆ ಗೇಟಿನಿಂದ ದೀಪದ ಕಂಬದವರೆಗೆ ಹೋಗುವಷ್ಟರಲ್ಲಿ ಕಂಬದ ದೀಪ ಹೊತ್ತಿಕೊಂಡಿತು. ದೊರೆ ಎಳೆಯಿತು, ಮೇಷ್ಟ್ರು ನಿಂತರು. ದೊರೆ ನೆಲದ ಮೇಲೆ ಬಿದ್ದು ಹೊರಳಿತು, ಮೇಷ್ಟ್ರು ನಿಂತೇ ಇದ್ದರು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಪೋಸ್ಟ್‌ಮ್ಯಾನ್ ಇಳಿದು, "ಏನ್ ಮೇಷ್ಟ್ರೇ, ಗಾಡಿ ಕೆಟ್ಟೋಯ್ತಾ? ತಳ್ಳಬೇಕಾ?" ಎಂದ. ಮೇಷ್ಟ್ರು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಅವನಿಗೂ ಅವರೇ ಕಾರು ಕಲಿಸಿದ್ದರು. ಅವನು ಸೈಕಲ್ಲಿನಲ್ಲಿ ಓಡಾಡುತ್ತಿದ್ದದ್ದಕ್ಕೆ ಕಾರಣ ಅವರಿಗೆ ಗೊತ್ತಿತ್ತು.

ಮಹಡಿಯ ಕಿಟಕಿಯಲ್ಲಿ ಟೈಲರಮ್ಮ ಕಟ್ಟು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ದಿನಾ ಇದನ್ನೇ ನೋಡುತ್ತಿದ್ದಳು. ಹೊಲಿಗೆಯಂತೂ ಇಲ್ಲ, ಇನ್ನೇನು ಮಾಡಿಯಾಳು?

ದಿನ ಕಳೆದಂತೆ ದೊರೆಗೆ ಬುದ್ಧಿ ಬಂತು. ಮೊದಲು ಕಂಬದವರೆಗೆ, ಆಮೇಲೆ ಔಷಧಿ ಅಂಗಡಿಯವರೆಗೆ, ಕೊನೆಗೆ ಬೇಕರಿಯವರೆಗೆ ಹಗ್ಗ ಸಡಿಲವಾಗಿಯೇ ಇರತೊಡಗಿತು. ದೊರೆ ಮುನ್ನುಗ್ಗಲು ಮೈ ಬಿಗಿಹಿಡಿಯುತ್ತಿದ್ದಂತೆ ತಾನೇ ಗಕ್ಕನೆ ನಿಂತು, ತಿರುಗಿ ಮೇಷ್ಟ್ರ ಮುಖ ನೋಡುತ್ತಿತ್ತು. ಒಮ್ಮೆ ಬೆಕ್ಕು ಅಡ್ಡ ಬಂದಾಗಲೂ ನಿಂತಿತು. ಅವತ್ತು ಮೇಷ್ಟ್ರ ಕಣ್ಣು ತುಂಬಿ ಬಂತು. ಕಾರು ಮಾರಿದ ಮೇಲೆ ಅವರ ಕೈಯಲ್ಲಿ ಯಾರೂ ಪಾಸಾಗಿರಲಿಲ್ಲ.

"ನೋಡ್ದೇನೇ? ಹಗ್ಗ ಏನು ಹೇಳುತ್ತೆ ಅನ್ನೋದು ಅದಕ್ಕೆ ತಿಳಿದುಬಿಟ್ಟಿದೆ. ಬೆರಳಲ್ಲಿ ಹಿಡಿದ್ರೂ ಸಾಕು," ಎಂದು ಮನೆಗೆ ಬಂದು ಮೀಸೆ ತಿರುವಿದರು.

"ನೋಡ್ದೆ, ನೋಡ್ದೆ," ಎಂದಳು ಟೈಲರಮ್ಮ. ಅವಳು ತುಟಿ ಕಚ್ಚಿ ನಗು ತಡೆದದ್ದು ಮೇಷ್ಟ್ರಿಗೆ ಕಾಣಲಿಲ್ಲ.

ಕಟ್ಟು ಬಿಚ್ಚಿದರು. ಪರೀಕ್ಷೆಯ ಸಂಜೆ ಬಂತು. ಅಕ್ಕ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕನ್ನಡಕ ಒರೆಸಿಕೊಂಡು ಕೂತಳು. ಡಿಪೋದವನು ಯಾರು ಕರೆದರೋ ಏನೋ, ಸರಪಳಿಯನ್ನು ಕೈಗೆ ಸುತ್ತಿಕೊಂಡೇ ಬಂದಿದ್ದ. ಟೈಲರಮ್ಮ ಬಣ್ಣಗೆಟ್ಟ ಬಲಗೈಯನ್ನು ಎದೆಗೆ ಒತ್ತಿಕೊಂಡು, ಎಡಗೈಯಲ್ಲಿ ಹಗ್ಗ ಹಿಡಿದಳು. ಮೇಷ್ಟ್ರು ಅಭ್ಯಾಸಬಲದಿಂದ ಅವಳ ಪಕ್ಕ ಹೋಗಿ ನಿಂತರು.

"ಎಲ್ಲಿಗೋ?" ಎಂದಳು ಅಕ್ಕ. "ಪರೀಕ್ಷೆ ಹೊತ್ತಲ್ಲಿ ಮೇಷ್ಟ್ರಿಗೆ ಗಾಡೀಲಿ ಜಾಗ ಇದ್ಯಾ? ಬಾ ಇಲ್ಲಿ."

ಇಷ್ಟು ವರ್ಷ ಅವರೇ ಹೇಳುತ್ತಿದ್ದ ಮಾತು ಅದು. ಮೇಷ್ಟ್ರು ಬಂದು ಕುರ್ಚಿ ಪಕ್ಕ ನಿಂತರು.

ಟೈಲರಮ್ಮ ಹೊರಟಳು. ಕಂಬ ತಲುಪುವ ಮೊದಲೇ ದೊರೆಗೆ ಬೇಕರಿಯ ವಾಸನೆ ಬಡಿಯಿತು. ಕಲಿತದ್ದೆಲ್ಲ ಗಾಳಿಗೆ ಹೋಯಿತು. ಹಗ್ಗ ಬಿಗಿಯಿತು, ಗೊರಗೊರ ಶುರುವಾಯಿತು, ಟೈಲರಮ್ಮ ಹಿಂದಕ್ಕೆ ವಾಲಿದಳು. ಈ ಸಲ ಅವಳು ನಗುತ್ತಿರಲಿಲ್ಲ. ಡಿಪೋದವನು ಸರಪಳಿ ಬಿಚ್ಚಿಕೊಂಡ.

ಮೇಷ್ಟ್ರ ಜೀವ ಬಾಯಿಗೆ ಬಂತು. ಹಗ್ಗ ಅವರ ಕೈಯಲ್ಲಿಲ್ಲ, ಬಾಯಿಬಿಡುವ ಹಾಗಿಲ್ಲ. ನಿಂತಲ್ಲೇ ಬಲಗಾಲು ನೆಲವನ್ನು ಧಪ್ಪೆಂದು ಒತ್ತಿತು. ಇನ್ನೊಮ್ಮೆ ಒತ್ತಿತು.

"ಏನೋ ಅದು, ಇರುವೆ ಕಚ್ತಾ?" ಎಂದಳು ಅಕ್ಕ.

ಅಷ್ಟರಲ್ಲಿ ಆಚೆ ಟೈಲರಮ್ಮ ನಿಂತಳು. ಬಲಗಾಲು ಮೇಲೆತ್ತಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ನೆಲಕ್ಕೆ ಒತ್ತಿದಳು. ಆ ಸದ್ದು ಗೇಟಿನವರೆಗೂ ಕೇಳಿಸಿತು.

ದೊರೆ ಗಕ್ಕನೆ ನಿಂತಿತು. ತಿರುಗಿ ನೋಡಿತು. ಬಂದು ಅವಳ ಮಂಡಿ ಪಕ್ಕ ನಿಂತು ಕುರ್ತಾದ ಜೇಬು ಮೂಸಿತು. ಬಿಸ್ಕತ್ತಿನ ಚೂರು ಸಿಕ್ಕಿತು. ಅಲ್ಲಿಂದ ಬೇಕರಿಯವರೆಗೆ, ಬೇಕರಿಯಿಂದ ಗೇಟಿನವರೆಗೆ, ಅದು ಮೈ ಬಿಗಿಹಿಡಿದಾಗಲೆಲ್ಲ ಟೈಲರಮ್ಮ ಧಪ್ಪೆನಿಸಿದಳು, ಅದು ನಿಂತಿತು. ಹಗ್ಗ ಹೊಟ್ಟೆ ಇಳಿಬಿಟ್ಟುಕೊಂಡು ತೂಗಾಡುತ್ತಿತ್ತು.

"ಇರ್ಲಿ ಬಿಡು," ಎಂದಳು ಅಕ್ಕ ಡಿಪೋದವನಿಗೆ. ಅವನು ಸರಪಳಿ ಸುತ್ತಿಕೊಂಡು ಹೋದ.

ಮನೆಯೊಳಗೆ ಬಂದ ಮೇಲೂ ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. "ಮಧ್ಯದಲ್ಲಿ ಕಾಲು ಯಾಕೆ ಅಪ್ಪಳಿಸಿದೆ? ನಾನು ಹಾಗೆ ಕಲಿಸಿಲ್ವಲ್ಲ. ಹಗ್ಗ ಬಿಗಿಯಾದ್ರೆ ಸುಮ್ನೆ ನಿಲ್ಬೇಕು ಅಷ್ಟೇ."

"ಅದಕ್ಕೆ ಹಗ್ಗದ ವಿಚಾರ ಏನೂ ಗೊತ್ತಿಲ್ಲ ಕಣ್ರೀ. ಅದು ಕಲ್ತಿರೋದು ನಿಮ್ಮ ಕಾಲನ್ನ."

"ನನ್ನ ಕಾಲಾ? ನಾನೆಲ್ಲಿ ಕಾಲು ಒತ್ತಿದೆ?"

ಟೈಲರಮ್ಮ ನಗಲು ಶುರು ಮಾಡಿದವಳು ಕುರ್ಚಿ ಹಿಡಿದುಕೊಂಡು ಕೂತಳು. ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. "ಮದುವೆ ಆದಾಗಿಂದ ನೋಡ್ತಿದೀನಿ ಆ ಕಾಲನ್ನ. ಕಿಟಕೀಲಿ ಕೂತು ದಿನಾ ನೋಡ್ದೆ. ಅದು ಎಳೆಯೋಕೆ ಮುಂಚೆನೇ ನೀವು ಧಪ್ ಅನ್ನಿಸ್ತಿದ್ರಿ, ಅದು ನಿಲ್ತಿತ್ತು. ಇವತ್ತು ನಾನು ಮೊದ್ಲು ಮೆಲ್ಲಗೆ ಒತ್ತಿದೆ, ಮಿಷನ್ ಅಭ್ಯಾಸ ನೋಡಿ, ಅದಕ್ಕೆ ಕೇಳಿಸ್ಲಿಲ್ಲ. ಆಮೇಲೆ ನಿಮ್ಮ ಥರಾನೇ ಒತ್ತಿದೆ."

"ಮೊದ್ಲೇ ಹೇಳ್ಬಾರ್ದಿತ್ತೇನೇ?"

"ಹೇಳಿದ್ರೆ ನೀವು ಒತ್ತೋದು ನಿಲ್ಲಿಸ್ಬಿಡ್ತಿದ್ರಿ. ಆಮೇಲೆ ಅದು ಏನು ಕಲೀತಿತ್ತು?"

ಮೇಷ್ಟ್ರು ತಮ್ಮ ಬಲಗಾಲನ್ನು ಬಹಳ ಹೊತ್ತು ನೋಡಿದರು. ಹೊಸದಾಗಿ ಪರಿಚಯವಾದವರ ಹಾಗೆ ಅದೂ ಸುಮ್ಮನಿತ್ತು.

ಮಾರನೆಯ ಸಂಜೆ ಅವರು ಶೂ ಹಾಕಿಕೊಂಡು, ಜೇಬಿಗೆ ಬಿಸ್ಕತ್ತು ಹಾಕಿಕೊಂಡು ಬಾಗಿಲಲ್ಲಿ ತಯಾರಾಗಿ ನಿಂತಿದ್ದರು. ಟೈಲರಮ್ಮ ಅವರ ಜೇಬಿನಿಂದ ಬಿಸ್ಕತ್ತು ತೆಗೆದು ತನ್ನ ಜೇಬಿಗೆ ಹಾಕಿಕೊಂಡಳು.

"ಪಾಸಾದ್ಮೇಲೆ ಮೇಷ್ಟ್ರು ಪಕ್ಕದಲ್ಲಿ ಕೂರೋದುಂಟಾ?"

ಇದೂ ಅವರದ್ದೇ ಮಾತು. ಲೈಸೆನ್ಸ್ ಸಿಕ್ಕವರು ಇನ್ನೊಂದೇ ಒಂದು ದಿನ ಜತೆಗೆ ಬನ್ನಿ ಎಂದು ಅಂಗಲಾಚಿದರೆ ಹೀಗೆಯೇ ಹೇಳಿ ಕಳಿಸುತ್ತಿದ್ದರು. ಹಾಗೆ ಹೋದವರು ಯಾರೂ ತಿರುಗಿ ಬಂದಿರಲಿಲ್ಲ. ಈಗ ಅದನ್ನು ತಮ್ಮ ಕಿವಿಯಲ್ಲೇ ಕೇಳಿದಾಗ ಮೇಷ್ಟ್ರಿಗೆ ಚುರುಕ್ಕೆಂದಿತು. ಅಡುಗೆಮನೆಯಲ್ಲಿ ಅವಳು ಅಂದದ್ದು ಮಾತ್ರೆಯ ಮಂಪರಿನಲ್ಲಿ ಅಲ್ಲ ಎಂಬುದೂ ಹೊಳೆಯಿತು. ಅವಳು ಮೆಟ್ಟಿಲಿಳಿದು ಹೋದಳು.

ಮೇಷ್ಟ್ರು ಸೋಫಾದಲ್ಲಿ ಕೂತರು, ಎದ್ದರು, ಕಿಟಕಿಗೆ ಹೋದರು, ಬಂದರು. ಮಣಿಕಟ್ಟು ಇನ್ನೂ ಗಟ್ಟಿಯಾಗಿಲ್ಲ, ಬೆಕ್ಕಿದೆ, ವ್ಯಾನಿದೆ. ಇದೇ ನೆಪ ಸಾಕಾಯಿತು. ಕೆಳಗಿಳಿದು, ಗೋಡೆಗೆ ಮೈ ಹಚ್ಚಿಕೊಂಡು, ಸ್ವಲ್ಪ ದೂರದಲ್ಲಿ ಅವಳ ಹಿಂದೆಯೇ ಹೊರಟರು. ಕಂಬ ದಾಟಿದರು. ಔಷಧಿ ಅಂಗಡಿಯೂ ಬಂತು. ಅಂತರ ಕಡಿಮೆಯಾಗುತ್ತಿದ್ದದ್ದು ಅವರ ಗಮನಕ್ಕೆ ಬರಲಿಲ್ಲ. ಹೆಜ್ಜೆ ತಾನೇ ಮುನ್ನುಗ್ಗುತ್ತಿತ್ತು.

ಟೈಲರಮ್ಮ ಹಿಂದಿರುಗಿ ನೋಡಲಿಲ್ಲ. ದೊರೆ ಏನೂ ಎಳೆಯುತ್ತಿರಲಿಲ್ಲ. ಆದರೂ ಅವಳು ಬಲಗಾಲು ಎತ್ತಿ ಧಪ್ಪೆಂದು ಒತ್ತಿದಳು.

ದೊರೆ ನಿಂತಿತು. ಮೇಷ್ಟ್ರೂ ನಿಂತರು.

ಅವಳು ದೊರೆಯ ತಲೆ ಸವರಿ ಮತ್ತೆ ಹೊರಟಳು. ಮೇಷ್ಟ್ರು ಮಾತ್ರ ಅಲ್ಲೇ, ಔಷಧಿ ಅಂಗಡಿಯ ಮುಂದೆ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟುಕೊಂಡು ನಿಂತಿದ್ದರು. ಪೋಸ್ಟ್‌ಮ್ಯಾನ್ ಸೈಕಲ್ಲಿನಲ್ಲಿ ಬಂದವನು ಏನೋ ಕೇಳಲು ಬಾಯಿ ತೆರೆದು, ಅವರ ಮುಖ ನೋಡಿ ಹಾಗೇ ಹೋದ. ಅವರಿಗೆ ಸಿಟ್ಟು ಬಂತು, ನಾಚಿಕೆಯಾಯಿತು, ಅವಳ ಕಾಲಿನ ಒತ್ತು ಎಷ್ಟು ಖಚಿತವಾಗಿತ್ತೆಂದು ಹೆಮ್ಮೆಯೂ ಆಯಿತು. ಆಮೇಲೆ ಮನೆಗೆ ಹಿಂದಿರುಗಿ ಗೇಟಿನ ಹತ್ತಿರ ನಿಂತರು.

ತನ್ನ ಒಂದು ಗಂಟೆ ಮುಗಿಸಿಕೊಂಡು ಅವಳು ಬಂದಳು. ಕೆನ್ನೆ ಕೆಂಪಾಗಿತ್ತು, ಕೂದಲು ಕೆದರಿತ್ತು, ಮುಖದಲ್ಲಿ ಹಳೆಯ ನಗುವಿತ್ತು. ಜೇಬಿಗೆ ಕೈ ಹಾಕಿ ಉಳಿದಿದ್ದ ಒಂದು ಬಿಸ್ಕತ್ತನ್ನು ಮುರಿದಳು. ಒಂದು ಚೂರನ್ನು ದೊರೆಯ ಬಾಯಿಗೆ ಕೊಟ್ಟಳು. ಇನ್ನೊಂದನ್ನು ಮೇಷ್ಟ್ರ ಅಂಗೈಯಲ್ಲಿಟ್ಟಳು.

ಮೇಷ್ಟ್ರು ಅದನ್ನು ತಿಂದರು.