ಅಣ್ಣನ ಕಂಪ್ಯೂಟರ್ ಹಗುರಾದ ದಿನ

ತಮ್ಮನ ಕಂಪ್ಯೂಟರ್ ಗುಂಡಿ ಒತ್ತಿದ ತಕ್ಷಣ ಎದ್ದು ಕೂರುತ್ತಿತ್ತು. ಅಣ್ಣನದು ಹಾಗಲ್ಲ. ಅವನು ಅಂಗಡಿ ಗುಡಿಸಿ, ಕೈ ತೊಳೆದು, ಚಹಾ ಕುಡಿದು ಬಂದರೂ ಪರದೆಯ ಮೇಲೆ ಚುಕ್ಕಿಗಳು ಗಿರಗಿರ ಸುತ್ತುತ್ತಲೇ ಇರುತ್ತಿದ್ದವು. ಎರಡೂ ಒಂದೇ ದಿನ ಕೊಂಡ ಒಂದೇ ಮಾದರಿಯ ಯಂತ್ರಗಳು. ಅಣ್ಣನ ಹೊಟ್ಟೆ ಉರಿಯುತ್ತಿದ್ದದ್ದೇ ಅದಕ್ಕೆ.

ಅವರದು ಪೋಸ್ಟರು, ಬಿಲ್ ಪುಸ್ತಕ, ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಕೊಡುವ ಸಣ್ಣ ಅಂಗಡಿ, ಎದುರುಬದುರು ಎರಡು ಮೇಜು. ಅವಸರದ ಗಿರಾಕಿಗಳು ಈಗೀಗ ಅಣ್ಣನ ಮೇಜನ್ನು ದಾಟಿ ನೇರ ತಮ್ಮನ ಮುಂದೆ ಹೋಗಿ ನಿಲ್ಲುತ್ತಿದ್ದರು. ತಮ್ಮ ಮಾಡಿದ್ದರಲ್ಲಿ ಗುಟ್ಟೇನೂ ಇರಲಿಲ್ಲ. ಆಪರೇಟಿಂಗ್ ಸಿಸ್ಟಮ್ಮನ್ನೇ ಸೋಸಿ, ಆಟ, ಹವಾಮಾನ, ಕೇಳದೆ ಬರುವ ಜಾಹೀರಾತು ಎಲ್ಲ ಕಿತ್ತೆಸೆದು, ಉಳಿದದ್ದನ್ನು ಪೆನ್‌ಡ್ರೈವ್‌ಗೆ ತುಂಬಿ ಹೊಸದಾಗಿ ಹಾಕಿಕೊಂಡಿದ್ದ. "ನಿಂದಕ್ಕೂ ಹಾಕ್ಕೊಡ್ಲಾ ಅಣ್ಣ?" ಎಂದು ಕೇಳಿಯೂ ಇದ್ದ.

"ನಂದು ಚೆನ್ನಾಗೇ ಇದೆ. ನಿನ್ನ ಕೆಲಸ ನೀನು ನೋಡ್ಕೋ," ಎಂದಿದ್ದ ಅಣ್ಣ. ತಾನೇ ಎತ್ತಿ ಆಡಿಸಿದ ಹುಡುಗನಿಂದ ಪಾಠ ಹೇಳಿಸಿಕೊಳ್ಳುವುದೇ?

ಅಂಗಡಿ ಕಟ್ಟಿದ ಅಪ್ಪನಿಗೆ ಈಗ ಕಣ್ಣು ಕಾಣುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕೋಲು ಕುಟ್ಟಿಕೊಂಡು ಬಂದು ಅಣ್ಣನ ಪಕ್ಕದಲ್ಲೇ ಕೂರುತ್ತಿದ್ದರು. ಅವನು ಪರದೆಯ ಮೇಲೆ ಪತ್ರಿಕೆಯ ಪುಟ ತೆರೆದುಕೊಟ್ಟರೆ ಕಂಪ್ಯೂಟರ್ ಗಟ್ಟಿಯಾಗಿ ಓದುತ್ತಿತ್ತು. ಅದೊಂದು ಹೆಂಗಸಿನ ದನಿ. ಕಳ್ಳತನವನ್ನೂ ಮಳೆಯನ್ನೂ ಒಂದೇ ರಾಗದಲ್ಲಿ ಒದರುತ್ತಿತ್ತು. "ಇವಳಿಗೆ ಯಾರು ಸತ್ತರೂ ಒಂದೇ ಕಣೋ," ಎಂದು ಅಪ್ಪ ನಗುತ್ತಿದ್ದರು, ಅಣ್ಣನೂ ನಗುತ್ತಿದ್ದ. ಇದೂ ಒಂದು ಭಾಗ್ಯ ಎಂದು ಅವನಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ದಿನಾ ಸಿಗುವುದು ಯಾರ ಲೆಕ್ಕಕ್ಕೆ ಬರುತ್ತದೆ?

ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಎದುರು ಮೇಜಿನಲ್ಲಿ ಆಗಲೇ ಕೀಲಿಗಳ ಟಕಟಕ ಕೇಳಿಸಿತು. "ಅವಂದು ಆಗ್ಲೇ ಎದ್ದಾಯ್ತು. ನಿಂದಿನ್ನೂ ಗೊರಕೆ ಹೊಡೀತಿದೆಯಲ್ಲೋ," ಎಂದರು ಅಪ್ಪ.

ಅವರು ತಮಾಷೆಗೇ ಅಂದದ್ದು. ಆದರೆ ಹೊಟ್ಟೆಕಿಚ್ಚಿನವನಿಗೆ ತಮಾಷೆ ಎಲ್ಲಿ ಅರ್ಥವಾಗಬೇಕು? ಮರುದಿನ ತಮ್ಮ ಪೋಸ್ಟರು ತಲುಪಿಸಲು ಹೊರಟದ್ದೇ ತಡ, ಅಣ್ಣ ಅವನ ಡ್ರಾಯರ್ ಎಳೆದು ಪೆನ್‌ಡ್ರೈವ್ ತೆಗೆದ. ಕೆಲಸದ ಕಡತಗಳನ್ನು ಬೇರೆ ಕಡೆ ಉಳಿಸಿಕೊಂಡು, ಹಳೆಯದನ್ನೆಲ್ಲ ಒರೆಸಿ, ತಮ್ಮನ ಬಡಕಲು ಸಿಸ್ಟಮ್ಮನ್ನು ತನ್ನದರಲ್ಲಿ ತುಂಬಿದ. ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆ ಬೆಳಗಿತು. ಅವನು ಸುಮ್ಮಸುಮ್ಮನೆ ಆರಿಸಿ, ಹಚ್ಚಿ, ಮತ್ತೆ ಆರಿಸಿ ಹಚ್ಚಿ ನೋಡಿ ಹಿಗ್ಗಿದ.

ಅಪ್ಪ ಬಂದು ಕೂತಾಗಲೂ ಬೇಕೆಂದೇ ಆರಿಸಿ ಹಚ್ಚಿದ. "ಕೇಳಿದ್ರಾ ಅಪ್ಪ? ಎಷ್ಟು ಬೇಗ ಬಂತು."

"ಭೇಷ್. ಓದಿಸು ಮತ್ತೆ."

ಅವನು ಪತ್ರಿಕೆ ತೆರೆದ, ದಿನಾ ಒತ್ತುವ ಕೀಲಿ ಒತ್ತಿದ. ಸದ್ದಿಲ್ಲ. ಅಲ್ಲಿ ಹುಡುಕಿದ, ಇಲ್ಲಿ ಹುಡುಕಿದ. ಆ ಹೆಂಗಸು ಎಲ್ಲೂ ಇರಲಿಲ್ಲ. ಅಪ್ಪ ಕಿವಿ ಕೊಟ್ಟುಕೊಂಡು ಕೂತೇ ಇದ್ದರು.

ಆಗಲೇ ಮರಳಿದ್ದ ತಮ್ಮ ಎದ್ದು ಬಂದು, ಪೆನ್‌ಡ್ರೈವ್ ನೋಡಿದ. ಬೈಯಲಿಲ್ಲ. "ಇದ್ರಲ್ಲಿ ಓದೋ ದನಿ ಇಲ್ಲ ಅಣ್ಣ. ಭಾರ ಅಂತ ಅದನ್ನೂ ಕಿತ್ತುಹಾಕಿದ್ದೆ. ಅಪ್ಪ ನಿನ್ನ ಹತ್ರಾನೇ ಕೂರ್ತಾರಲ್ಲ ಅಂತ ನಂಗೂ ಒಳಗೊಳಗೇ ಉರೀತಿತ್ತು. ಅದಕ್ಕೇ ಮೊನ್ನೆ ನಂದಕ್ಕೆ ಮಾತ್ರ ವಾಪಸ್ ಹಾಕ್ಕೊಂಡೆ." ಆಮೇಲೆ ಅಪ್ಪನ ಕೈ ಹಿಡಿದ. "ಬನ್ನಿ ಅಪ್ಪ, ಇವತ್ತು ನನ್ನ ಹತ್ರ ಕೂತ್ಕೊಳ್ಳಿ."

ಕೋಲು ಕುಟ್ಟುತ್ತಾ ಎದುರು ಮೇಜಿಗೆ ಹೋಯಿತು.

"ನಿಂದಕ್ಕೂ ಹಾಕ್ಕೊಡ್ಲಾ ಅಣ್ಣ?" ಎಂದು ತಮ್ಮ ಅಲ್ಲಿಂದಲೇ ಕೇಳಿದ.

ಹೂಂ ಅನ್ನಲು ಬಾಯಿ ತೆರೆದವನ ಬಾಯಿಂದ "ಬೇಡ" ಎಂದೇ ಬಂತು. ಆ ಕಡೆ ಹೆಂಗಸು ಒಂದೇ ರಾಗದಲ್ಲಿ ಯಾರೋ ಸತ್ತದ್ದನ್ನು ಓದತೊಡಗಿದಳು. ಅಪ್ಪ ಏನೋ ಅಂದರು, ತಮ್ಮ ನಕ್ಕ. ಅಪ್ಪ ಏನೆಂದಿರಬಹುದೆಂದು ಅಣ್ಣನಿಗೆ ಚೆನ್ನಾಗಿ ಗೊತ್ತಿತ್ತು.